ಒತ್ತಾಯದ ಮೊದಲ ಮೈಲಿ, ಒಲವಿನ ಎರಡನೆಯ ಮೈಲಿ



ತಪಸ್ಸುಕಾಲದ ಶುಕ್ರವಾರಗಳಂದು ನಾವೆಲ್ಲರೂ ಶಿಲುಬೆಯ ಹಾದಿಯಲ್ಲಿ ಪಾಲ್ಗೊಳ್ಳುತ್ತೇವೆ. ಐದನೆಯ ಸ್ಥಳಕ್ಕೆ ಬಂದಾಗ ಸಿರೇನ್ ಊರಿನ ಸಿಮೋನನನ್ನು ನೆನೆದು ಮೊಣಕಾಲೂರುತ್ತೇವೆ. ಚಿಕ್ಕಂದಿನಿಂದ ಆ ಚಿತ್ರವನ್ನು ನೋಡುತ್ತಾ ಬಂದ ನಮಗೆ, ಸಿಮೋನನೆಂದರೆ ತಾನಾಗಿ ಮುಂದೆ ಬಂದು ಪ್ರಭುವಿಗೆ ಹೆಗಲು ಕೊಟ್ಟ ಪುಣ್ಯಾತ್ಮ ಎಂಬ ಭಾವನೆ ಮನಸ್ಸಿನಲ್ಲಿ ಬೇರೂರಿದೆ. ಆದರೆ ಶುಭಸಂದೇಶವನ್ನು ತೆರೆದು ಓದಿದರೆ ಸಂಗತಿ ಬೇರೆಯೇ ಇದೆ. ಸಿಮೋನ ತಾನಾಗಿ ಬಂದವನಲ್ಲ. ಹಳ್ಳಿಯ ಕಡೆಯಿಂದ ಪಟ್ಟಣಕ್ಕೆ ಬರುತ್ತಿದ್ದ ದಾರಿಹೋಕ ಅವನು. ಅವನಿಗೆ ಅವನದೇ ಆದ ಕೆಲಸವಿತ್ತು. ಪಾಸ್ಖ ಹಬ್ಬದ ಸಮಯ. ಮನೆಯಲ್ಲಿ ಕಾಯುವವರೂ ಇದ್ದಿರಬಹುದು. ಸೈನಿಕರು ಅವನನ್ನು ತಡೆದರು, ಒತ್ತಾಯ ಮಾಡಿದರು, ಶಿಲುಬೆಯನ್ನು ಅವನ ಹೆಗಲಿಗೆ ಏರಿಸಿದರು. ನಮ್ಮ ಹಳ್ಳಿಗಳ ಮಾತಿನಲ್ಲಿ ಹೇಳುವುದಾದರೆ, ಅವನನ್ನು ಬಿಟ್ಟಿ ಹಿಡಿದರು.

ಹೀಗೆ ಬಿಟ್ಟಿ ಹಿಡಿಯುವುದನ್ನು ಹೇಳಲು ಮಾರ್ಕ ಮತ್ತು ಮತ್ತಾಯ ಬಳಸಿರುವ ಗ್ರೀಕ್ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಒಂದು ಕಡೆ ಬರುತ್ತದೆ. ಅದು ಬೆಟ್ಟದ ಮೇಲಿನ ಪ್ರಬೋಧನೆಯಲ್ಲಿ. ರೋಮನ್ ಸೈನಿಕನೊಬ್ಬ ದಾರಿಯಲ್ಲಿ ಸಿಕ್ಕ ಯೆಹೂದ್ಯನನ್ನು ನಿಲ್ಲಿಸಿ ತನ್ನ ಗಂಟುಮೂಟೆಯನ್ನು ಹೊರಿಸಬಹುದಿತ್ತು. ಬೇಡ ಎನ್ನುವ ಹಾಗಿರಲಿಲ್ಲ. ಹಾಗೆ ಒಂದು ಮೈಲಿ ಬಿಟ್ಟಿ ಹಿಡಿದರೆ ಅವನೊಡನೆ ಎರಡು ಮೈಲಿ ಹೋಗು ಎಂಬುದು ಪ್ರಭು ಯೇಸುವಿನ ಬೋಧನೆ. ಮೊದಲ ಮೈಲಿ ಕಾನೂನಿನದು. ಎರಡನೆಯ ಮೈಲಿ ನಮ್ಮದು. ಮೊದಲನೆಯ ಮೈಲಿಯಲ್ಲಿ ನಾವು ಆಳುಗಳು, ಎರಡನೆಯದರಲ್ಲಿ ಸ್ವತಂತ್ರರು.

ಈ ಎರಡು ಮಾತುಗಳು ಇತ್ತೀಚೆಗೆ ನನ್ನ ಮನಸ್ಸಿನಲ್ಲಿ ಮತ್ತೆ ಮತ್ತೆ ಸುಳಿಯಲು ಒಂದು ಕಾರಣವಿದೆ. ಅದು ನಮ್ಮ ಕಾಲೇಜು ಮಕ್ಕಳ ಕೈಯಲ್ಲಿರುವ ಒಂದು ಚಿಕ್ಕ ಪುಸ್ತಕ. ಸೇವಾ ದಿನಚರಿ ಎಂದು ಅದನ್ನು ಕರೆಯುತ್ತಾರೆ. ದಿನಾಂಕ, ಸ್ಥಳ, ಮಾಡಿದ ಕೆಲಸ, ಗಂಟೆ, ಮೇಲ್ವಿಚಾರಕರ ಸಹಿ — ಹೀಗೆ ಐದು ಕಲಮುಗಳು. ಇಷ್ಟು ಗಂಟೆ ವೃದ್ಧಾಶ್ರಮದಲ್ಲೋ, ಕೊಳೆಗೇರಿಯ ಶಾಲೆಯಲ್ಲೋ, ಆಸ್ಪತ್ರೆಯಲ್ಲೋ ಸೇವೆ ಮಾಡಿದರೆ ಮಾತ್ರ ಆ ವರ್ಷದ ಅಂಕಗಳು ಪೂರ್ಣವಾಗುತ್ತವೆ. ನಮ್ಮ ಮನೆಮಕ್ಕಳನ್ನೂ ಈಗ ಒಂದು ರೀತಿಯಲ್ಲಿ ಬಿಟ್ಟಿ ಹಿಡಿಯಲಾಗಿದೆ!

ಒಂದು ಸಹಿಯ ಪಾಪ

ಬೇರೆಯವರ ತಪ್ಪನ್ನು ಹೇಳುವ ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನಿದ್ದ ಧರ್ಮಕೇಂದ್ರದಲ್ಲಿ ಸಿಸ್ಟರುಗಳು ನಡೆಸುವ ಒಂದು ಚಿಕ್ಕ ವೃದ್ಧಾಶ್ರಮವಿತ್ತು. ಪೀಠಬಾಲಕನಾಗಿ ನನ್ನೊಡನೆ ಬಲಿಪೂಜೆಗೆ ನಿಲ್ಲುತ್ತಿದ್ದ ಹುಡುಗನೊಬ್ಬ ಡಿಗ್ರಿ ಓದುತ್ತಿದ್ದ. ಕಾಲೇಜಿನಿಂದ ಅವನಿಗೆ ಅರವತ್ತು ಗಂಟೆಗಳ ಸೇವೆ ವಿಧಿಸಿದ್ದರು. ನಾನೇ ಅವನನ್ನು ಆಶ್ರಮಕ್ಕೆ ಕಳುಹಿಸಿದೆ. ಅಲ್ಲಿ ರೈಲ್ವೆಯಲ್ಲಿ ದುಡಿದು ನಿವೃತ್ತರಾದ ಅಜ್ಜ ಒಬ್ಬರಿದ್ದರು. ಕಣ್ಣು ಮಂಜಾಗಿತ್ತು. ದಿನಪತ್ರಿಕೆ ಓದಿ ಹೇಳುವವರು ಬೇಕಾಗಿತ್ತು. ಹುಡುಗ ಶನಿವಾರಗಳಂದು ಹೋಗಿ ಅವರಿಗೆ ಪತ್ರಿಕೆ ಓದತೊಡಗಿದ.

ಮೂರು ಶನಿವಾರ ಹೋದ. ನಾಲ್ಕನೆಯ ಶನಿವಾರ ಕ್ರಿಕೆಟ್ ಪಂದ್ಯ, ಐದನೆಯದಕ್ಕೆ ಮಳೆ, ಆಮೇಲೆ ಮರೆವು. ವರ್ಷದ ಕೊನೆಗೆ ಪುಸ್ತಕ ಹಿಡಿದು ನನ್ನ ಮುಂದೆ ನಿಂತ. ತಂದೆಯೂ ಜೊತೆಗಿದ್ದರು. "ಹುಡುಗ ಒಳ್ಳೆಯವನು ಫಾದರ್, ನಿಮಗೇ ಗೊತ್ತಲ್ಲ. ಒಂದು ವರ್ಷ ಹಾಳಾಗುತ್ತದೆ" ಎಂದರು. ಹುಡುಗ ಒಳ್ಳೆಯವನೆಂದು ನನಗೂ ಗೊತ್ತಿತ್ತು. ಅರವತ್ತು ಗಂಟೆಗಳಿಗೂ ಸಹಿ ಹಾಕಿಕೊಟ್ಟೆ.

ಅದರ ಮುಂದಿನ ಮೊದಲ ಶುಕ್ರವಾರ ಪರಮಪ್ರಸಾದ ಕೊಡಲು ಆಶ್ರಮಕ್ಕೆ ಹೋದೆ. ಪ್ರಾರ್ಥನೆ ಮುಗಿದ ಮೇಲೆ ಆ ಅಜ್ಜ ನನ್ನ ಕೈ ಹಿಡಿದುಕೊಂಡು, "ಆ ಹುಡುಗನಿಗೆ ಮೈಗೆ ಹುಷಾರಿಲ್ಲವಾ ಸ್ವಾಮಿ?" ಎಂದು ಕೇಳಿದರು. ಶನಿವಾರ ಬಂತೆಂದರೆ ಅಜ್ಜ ಬೆಳಿಗ್ಗೆಯೇ ಸ್ನಾನ ಮುಗಿಸಿ, ಮಂಚದ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆಂದು ಸಿಸ್ಟರ್ ಹೇಳಿದರು. ಆ ಹುಡುಗನಿಗಾಗಿ ಒಂದು ಹತ್ತರ ಜಪಸರವನ್ನೂ ಹೇಳುತ್ತಿದ್ದರಂತೆ, ಕಾಯಿಲೆ ವಾಸಿಯಾಗಲಿ ಎಂದು.

ನಾನೇನು ಉತ್ತರ ಕೊಡಲಿ? ನನ್ನ ಸಹಿಯ ಪ್ರಕಾರ ಆ ಹುಡುಗ ಪ್ರತಿ ಶನಿವಾರವೂ ಬಂದಿದ್ದ. "ಪರೀಕ್ಷೆ ಇದೆ ಅಜ್ಜಾ" ಎಂದೆ. ಅದೂ ಇನ್ನೊಂದು ಸುಳ್ಳು. "ಪರೀಕ್ಷೆ ಮುಗಿದ ಮೇಲೆ ಬರುತ್ತಾನಲ್ಲ, ಸಾಕು" ಎಂದರು. ಆ ಮಳೆಗಾಲದಲ್ಲಿ ಅಜ್ಜ ತೀರಿಕೊಂಡರು. ಸಮಾಧಿ ಸಂಸ್ಕಾರ ಮಾಡಿದವನು ನಾನೇ.

ಎಂಟನೆಯ ಕಟ್ಟಳೆಯನ್ನು ಮಕ್ಕಳಿಗೆ ಕಲಿಸುವಾಗ ಸುಳ್ಳುಸಾಕ್ಷಿ ಎಂದರೆ ನ್ಯಾಯಾಲಯದಲ್ಲಿ ನಿಂತು ಹೇಳುವ ಸುಳ್ಳು ಎಂದು ಹೇಳುತ್ತೇವೆ. ನಾನು ಧರ್ಮಕೇಂದ್ರದ ಮೊಹರು ಒತ್ತಿ ಸುಳ್ಳುಸಾಕ್ಷಿ ಹೇಳಿದ್ದೆ. ಕಾಲೇಜಿಗೆ ಅದರಿಂದ ಏನೂ ನಷ್ಟವಾಗಲಿಲ್ಲ. ಹುಡುಗನಿಗೆ ಲಾಭವೇ ಆಯಿತು ಎಂದು ಅವನ ತಂದೆ ತಿಳಿದರು. ನಷ್ಟವಾದದ್ದು ಒಂದು ಕುರ್ಚಿ ಹಾಕಿಸಿ ಕಾದು ಕುಳಿತವರಿಗೆ. ಅವರ ಹೆಸರು ಆ ಪುಸ್ತಕದ ಯಾವ ಕಲಮಿನಲ್ಲೂ ಇರಲಿಲ್ಲ. ಪಾಪನಿವೇದನೆಯಲ್ಲಿ ನಾನು ಇದನ್ನು ಹೇಳಿಕೊಂಡೆ. ಇಂದು ನಿಮ್ಮ ಮುಂದೆಯೂ ಹೇಳಿದ್ದೇನೆ.

ಈ ಪದ್ಧತಿ ಎಲ್ಲಿಂದ ಬಂತು?

ಕಾಲೇಜಿನವರು ಸುಮ್ಮನೆ ತೊಂದರೆ ಕೊಡಲು ಮಾಡಿದ ಏರ್ಪಾಟು ಇದು ಎಂದು ಅನೇಕ ತಂದೆತಾಯಿಯರು ಭಾವಿಸಿದ್ದಾರೆ. ಹಾಗಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲೇ, ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು, ವಿದ್ಯಾರ್ಥಿಗಳು ಸ್ವಂತ ಇಚ್ಛೆಯಿಂದ ರಾಷ್ಟ್ರಸೇವೆಯಲ್ಲಿ ತೊಡಗಬೇಕೆಂದು ಸೂಚಿಸಿತ್ತು. ಬಳಿಕ 1964-66ರ ಕೊಠಾರಿ ಆಯೋಗವು ಶಿಕ್ಷಣದ ಎಲ್ಲ ಹಂತಗಳಲ್ಲೂ ಸಮಾಜಸೇವೆ ಇರಬೇಕೆಂದಿತು. ಮಹಾತ್ಮ ಗಾಂಧಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಅದಕ್ಕೆ ಚಾಲನೆ ನೀಡಿದವರು ಅಂದಿನ ಕೇಂದ್ರ ಶಿಕ್ಷಣ ಸಚಿವ, ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾಗಿದ್ದ ಡಾ. ವಿ.ಕೆ.ಆರ್.ವಿ. ರಾವ್. ಮೊದಲ ವರ್ಷ 37 ವಿಶ್ವವಿದ್ಯಾಲಯಗಳು, 40,000 ವಿದ್ಯಾರ್ಥಿಗಳು. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಜೊತೆಗೆ ಏಳು ದಿನಗಳ ವಿಶೇಷ ಶಿಬಿರ — ಇದು ಅದರ ಕ್ರಮ. 'ನಾನಲ್ಲ, ನೀನು' ಎಂಬುದು ಅದರ ಧ್ಯೇಯವಾಕ್ಯದ ತಾತ್ಪರ್ಯ. ಕ್ರೈಸ್ತನಿಗೆ ಈ ಮಾತು ಹೊಸತೇ?

ಸಮಾಜಕಾರ್ಯವನ್ನೇ ವಿಷಯವಾಗಿ ಓದುವವರಿಗಂತೂ ತರಗತಿಯಷ್ಟೇ ಕ್ಷೇತ್ರಕಾರ್ಯವೂ ಮುಖ್ಯ. ಮುಂಬೈಯಲ್ಲಿ 1936ರಲ್ಲಿ ಆರಂಭವಾದ ಟಾಟಾ ಸಂಸ್ಥೆಯಾಗಲಿ, ಮಂಗಳೂರಿನಲ್ಲಿ 1960ರಲ್ಲಿ ಕನ್ಯಾಸ್ತ್ರೀಯರು ತೆರೆದ ರೋಶನಿ ನಿಲಯವಾಗಲಿ ಈ ಹಾದಿಯಲ್ಲೇ ನಡೆದಿವೆ. ವಾರದಲ್ಲಿ ಕೆಲವು ದಿನ ಪುಸ್ತಕ ಮುಚ್ಚಿಟ್ಟು ವಿದ್ಯಾರ್ಥಿಗಳು ಬಡಾವಣೆಗೂ ಆಸ್ಪತ್ರೆಗೂ ಹೋಗುತ್ತಾರೆ. 1963ರಲ್ಲಿ ನಮ್ಮ ಧರ್ಮಾಧ್ಯಕ್ಷರುಗಳ ಮಂಡಳಿಯು ಬೆಂಗಳೂರಿನಲ್ಲಿ ಆರಂಭಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ವಿದ್ಯಾರ್ಥಿಗಳನ್ನು ಹಳ್ಳಿಗಳಿಗೆ ಕರೆದೊಯ್ದು ಗ್ರಾಮಜೀವನದ ಪರಿಚಯ ಮಾಡಿಸುವ ಕ್ರಮವಿದೆ. 2021-22ರಲ್ಲಿ ಎಂ.ಬಿ.ಬಿ.ಎಸ್. ಸೇರಿದವರಿಂದ ಮೊದಲ್ಗೊಂಡು, ದೇಶದ ಎಲ್ಲ ವೈದ್ಯ ವಿದ್ಯಾರ್ಥಿಗಳೂ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯವನ್ನು ವರ್ಷ ವರ್ಷವೂ ಗಮನಿಸಬೇಕೆಂಬ ನಿಯಮ ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ ಮೇಲೆ, ಸಮುದಾಯದೊಡನೆ ಒಡನಾಟವು ಪದವಿ ಓದಿನ ಭಾಗವಾಗಬೇಕೆಂಬ ಮಾತಿಗೆ ಇನ್ನಷ್ಟು ಬಲ ಬಂತು.

ನಮ್ಮ ಧರ್ಮಸಭೆಯೂ ಇದೇ ಮಾತನ್ನು ಹೇಳಿದೆ. ಜಗದ್ಗುರು ಎರಡನೆಯ ಜಾನ್ ಪೌಲರು 1990ರ ಆಗಸ್ಟ್ 15ರಂದು ಕಥೋಲಿಕ ವಿಶ್ವವಿದ್ಯಾಲಯಗಳ ಕುರಿತು ಪ್ರಕಟಿಸಿದ ಪತ್ರದಲ್ಲಿ, ಸಮಾಜನ್ಯಾಯಕ್ಕಾಗಿ ಪರರ ಸೇವೆ ಮಾಡುವ ಕ್ರೈಸ್ತ ಮನೋಭಾವ ಅಧ್ಯಾಪಕರಲ್ಲೂ ವಿದ್ಯಾರ್ಥಿಗಳಲ್ಲೂ ಬೆಳೆಯಬೇಕೆಂದು ಬರೆದರು. ಓದು ಬಡವನ ಮನೆಯ ಬಾಗಿಲವರೆಗೆ ಹೋಗದಿದ್ದರೆ ಅದು ಅರ್ಧ ಓದು ಎಂದು ಇದರ ಅರ್ಥ.

ಆರು ವಿದ್ಯಾರ್ಥಿಗಳು ಮತ್ತು ಒಬ್ಬ ಸಿಸ್ಟರ್

ಅಂಕಗಳಿಲ್ಲದ, ಪುಸ್ತಕದಲ್ಲಿ ಸಹಿಯಿಲ್ಲದ ಕಾಲದಲ್ಲಿ ವಿದ್ಯಾರ್ಥಿಗಳು ಇದನ್ನು ಮಾಡಿದ್ದರೇ? ಮಾಡಿದ್ದರು. ಅವರು ಕಟ್ಟಿದ ಸಂಘ ಇಂದಿಗೂ ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿದೆ.

1833ರಲ್ಲಿ ಪ್ಯಾರಿಸ್ ನಗರದಲ್ಲಿ ಫ್ರೆಡರಿಕ್ ಓಝನಾಮ್ ಎಂಬ ಯುವಕ ಕಾನೂನು ಓದುತ್ತಿದ್ದ. ಅವನಿಗೆ ಇಪ್ಪತ್ತು ವರ್ಷ. ಹಿಂದಿನ ವರ್ಷವಷ್ಟೇ ಆ ನಗರದಲ್ಲಿ ಕಾಲರಾ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತ್ತು. ಕಥೋಲಿಕ ವಿದ್ಯಾರ್ಥಿಗಳು ಸೇರಿ ಚರ್ಚೆ ಮಾಡುವ ಒಂದು ಕೂಟವಿತ್ತು. ಅಲ್ಲಿ ಓಝನಾಮ್ ಕ್ರೈಸ್ತಧರ್ಮ ಲೋಕಕ್ಕೆ ಮಾಡಿದ ಉಪಕಾರಗಳನ್ನು ಸೊಗಸಾಗಿ ಮಂಡಿಸುತ್ತಿದ್ದ. ಒಂದು ದಿನ ಎದುರು ಪಕ್ಷದ ವಿದ್ಯಾರ್ಥಿಯೊಬ್ಬ ಎದ್ದು, ಹಿಂದಿನದು ಸರಿ, ಇಂದು ನೀವು ಬಡವರಿಗಾಗಿ ಏನು ಮಾಡುತ್ತಿದ್ದೀರಿ ಎಂದು ಸವಾಲು ಹಾಕಿದ. ಉತ್ತರವಿರಲಿಲ್ಲ. ಆ ಪ್ರಶ್ನೆಯೇ ಅವನನ್ನು ಬಿಟ್ಟಿ ಹಿಡಿಯಿತು ಎನ್ನಬಹುದು.

ಓಝನಾಮ್ ಮತ್ತು ಗೆಳೆಯ ತಮ್ಮ ಕೋಣೆಯಲ್ಲಿ ಚಳಿಗಾಲಕ್ಕೆಂದು ಇಟ್ಟಿದ್ದ ಸೌದೆಯಲ್ಲಿ ಉಳಿದಿದ್ದುದನ್ನು ಒಂದು ಬಡ ಮನೆಗೆ ಹೊತ್ತುಕೊಂಡು ಹೋದರು. ಏಪ್ರಿಲ್ 23ರಂದು ಆರು ವಿದ್ಯಾರ್ಥಿಗಳು ಎಮ್ಮಾನುವೆಲ್ ಬಾಯಿ ಎಂಬ ಹಿರಿಯ ಪತ್ರಿಕಾ ಸಂಪಾದಕರ ಜೊತೆ ಕುಳಿತು ಸಂಘವೊಂದನ್ನು ಕಟ್ಟಿದರು. ಅದೇ ಸಂತ ವಿನ್ಸೆಂಟ್ ದೆ ಪೌಲರ ಸಂಘ. ಮೂವತ್ತು ವರ್ಷಗಳ ನಂತರ, 1863ರಲ್ಲಿ, ಅದು ಮುಂಬೈಗೆ ಬಂದು ಭಾರತದಲ್ಲಿ ಬೇರು ಬಿಟ್ಟಿತು.

ಇಲ್ಲಿ ನಾವು ಗಮನಿಸಬೇಕಾದ ಒಂದು ವಿಷಯವಿದೆ. ಬಡವರ ಮನೆಗೆ ಹೋಗುವುದು ಹೇಗೆಂದು ಆ ಹುಡುಗರಿಗೆ ಗೊತ್ತಿರಲಿಲ್ಲ. ವಿಶ್ವವಿದ್ಯಾಲಯ ಅದನ್ನು ಕಲಿಸಿರಲಿಲ್ಲ. ಅವರು ಸಿಸ್ಟರ್ ರೊಸಾಲಿ ರಾಂದು ಅವರ ಬಳಿ ಹೋದರು. ನಗರದ ಕಡುಬಡ ಕೇರಿಯೊಂದರಲ್ಲಿ ಆಕೆ ವರ್ಷಗಟ್ಟಲೆ ದುಡಿದಿದ್ದರು. ಯಾರ ಮನೆಗೆ ಹೋಗಬೇಕು, ಏನು ಒಯ್ಯಬೇಕು, ಹೇಗೆ ಮಾತನಾಡಬೇಕು ಎಂದು ಆಕೆ ಅವರಿಗೆ ಕಲಿಸಿದರು. ಇಂದಿನ ಮಾತಿನಲ್ಲಿ ಹೇಳುವುದಾದರೆ, ಆಕೆ ಅವರ ಕ್ಷೇತ್ರಕಾರ್ಯದ ಮೇಲ್ವಿಚಾರಕಿ. ಓಝನಾಮ್ ಮುಂದೆ ಸೋರ್ಬಾನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಆಗಲೂ ಬಡವರ ಮನೆಗೆ ಹೋಗುವುದನ್ನು ಬಿಡಲಿಲ್ಲ. 1997ರ ಆಗಸ್ಟ್ 22ರಂದು ಪ್ಯಾರಿಸ್‌ನಲ್ಲೇ ಅವರನ್ನು ಪುನೀತರೆಂದು ಘೋಷಿಸಲಾಯಿತು. 2003ರಲ್ಲಿ ಸಿಸ್ಟರ್ ರೊಸಾಲಿಯವರನ್ನೂ ಪುನೀತರ ಸಾಲಿಗೆ ಸೇರಿಸಲಾಯಿತು. ಶಿಷ್ಯ ಮೊದಲು, ಗುರು ಆಮೇಲೆ!

ಒತ್ತಾಯದ ಸೇವೆ ಸೇವೆಯೇ?

"ಮನಸ್ಸಿಲ್ಲದೆ ಮಾಡಿದರೆ ಅದು ಯಾವ ಸೇವೆ ಫಾದರ್? ಅಂಕಕ್ಕಾಗಿ ಮಾಡುವುದು ವ್ಯಾಪಾರವಲ್ಲವೇ?" ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ನಮ್ಮ ಮನೆಗಳನ್ನೇ ನೋಡೋಣ. ಸಂಜೆಯ ಜಪಸರಕ್ಕೆ ನಮ್ಮಲ್ಲಿ ಎಷ್ಟು ಮಂದಿ ಚಿಕ್ಕಂದಿನಲ್ಲಿ ಮನಸ್ಸಿಟ್ಟು ಕುಳಿತೆವು? ಅಮ್ಮ ಕಿವಿ ಹಿಂಡಿ ಕೂರಿಸಿದ್ದಕ್ಕೆ ಕುಳಿತೆವು. ತೂಕಡಿಸಿದೆವು, ತಮ್ಮನನ್ನು ಚಿವುಟಿದೆವು. ಆದರೂ ಇಂದು ಕಷ್ಟ ಬಂದಾಗ ಕೈ ತಾನಾಗಿ ಜಪಸರವನ್ನು ಹುಡುಕುತ್ತದೆ. ಒತ್ತಾಯ ನಮ್ಮನ್ನು ಬಾಗಿಲವರೆಗೆ ತಂದಿತು. ಒಳಗೆ ಕಾಲಿಟ್ಟವರು ನಾವೇ.

ಕಾಲೇಜಿನ ನಿಯಮವೂ ಹಾಗೆಯೇ. ಅದು ನಿಮ್ಮ ಮಗನನ್ನು ಆಶ್ರಮದ ಗೇಟಿನವರೆಗೆ ತರಬಲ್ಲದು. ಪ್ರೀತಿಸುವಂತೆ ಮಾಡಲಾರದು. ಆದರೆ ಗೇಟಿನವರೆಗೂ ಬಾರದವನಿಗೆ ಪ್ರೀತಿಸುವ ಅವಕಾಶವಾದರೂ ಎಲ್ಲಿ? ಸಿಮೋನನನ್ನು ಸೈನಿಕರು ತಡೆಯದೇ ಹೋಗಿದ್ದರೆ, ಅವನು ದಾರಿಯ ಪಕ್ಕದಿಂದ ಸರಿದುಕೊಂಡು ಮನೆ ಸೇರುತ್ತಿದ್ದ. ಲೋಕದ ರಕ್ಷಕನ ಅಷ್ಟು ಹತ್ತಿರ ಬಂದು ಮುಖ ನೋಡದೆ ಹೋಗಿಬಿಡುತ್ತಿದ್ದ.

ಹಾಗಾದರೆ ಕೆಡುಕು ಒತ್ತಾಯದಲ್ಲಿಲ್ಲ. ಕೆಡುಕು ಇರುವುದು ಬಡವರನ್ನು ನಮ್ಮ ಅಂಕಗಳ ಸಾಧನವಾಗಿ ಕಾಣುವುದರಲ್ಲಿ. ಮೂರು ಶನಿವಾರ ಬಂದು ನಗುಮುಖ ತೋರಿಸಿ, ಆಸೆ ಹುಟ್ಟಿಸಿ, ಹೇಳದೆ ಮಾಯವಾಗುವುದರಲ್ಲಿ. ಮೊದಲೇ ಮಕ್ಕಳಿಂದ ದೂರವಾದವರು ಅವರು. ಅವರಿಗೆ ಮತ್ತೊಮ್ಮೆ ಅದೇ ನೋವು. ಪ್ರಯೋಗಾಲಯದ ಕಪ್ಪೆಗೆ ನೆನಪಿಲ್ಲ. ಆಶ್ರಮದ ಅಜ್ಜನಿಗೆ ನೆನಪಿದೆ.

ಮತ್ತಾಯನ ಶುಭಸಂದೇಶದಲ್ಲಿ ಬರುವ ಅಂತಿಮ ತೀರ್ಪಿನ ದೃಶ್ಯವನ್ನು ನೆನೆಯಿರಿ. ಹಸಿದಿದ್ದೆ, ಬಾಯಾರಿದ್ದೆ, ರೋಗದಲ್ಲಿದ್ದೆ, ಸೆರೆಯಲ್ಲಿದ್ದೆ ಎನ್ನುವ ಅರಸ ಎಷ್ಟು ಗಂಟೆ ಬಂದೆ ಎಂದು ಕೇಳುವುದಿಲ್ಲ. ಅಲ್ಲಿ ನೀತಿವಂತರಿಗೆ ತಾವು ಯಾವಾಗ ಹೋಗಿದ್ದೆವು ಎಂಬುದೇ ನೆನಪಿಲ್ಲ. ಆಶ್ಚರ್ಯದಿಂದ ಅರಸನನ್ನೇ ಕೇಳುತ್ತಾರೆ. ಅವರು ದಿನಚರಿ ಬರೆದಿಟ್ಟಿರಲಿಲ್ಲ. ಲೆಕ್ಕ ಇಟ್ಟಿದ್ದವನು ಅರಸ.

ಮನೆಯಲ್ಲಿ, ಕಾಲೇಜಿನಲ್ಲಿ, ಧರ್ಮಕೇಂದ್ರದಲ್ಲಿ

ಹಾಗಾದರೆ ನಾವು ಮಾಡಬೇಕಾದುದೇನು? ನನಗೆ ತೋಚಿದ ಕೆಲವು ಮಾತುಗಳನ್ನು ನಿಮ್ಮ ಮುಂದಿಡುತ್ತೇನೆ.

ತಂದೆತಾಯಿಯರೇ, ಮಕ್ಕಳಿಗಾಗಿ ಸುಳ್ಳು ಸಹಿ ಕೇಳಲು ಹೋಗಬೇಡಿ. ಒಂದು ವರ್ಷದ ಅಂಕ ಉಳಿಸಲು ಹೋಗಿ, ಸಾಕ್ಷಿಯನ್ನು ಕೊಂಡುಕೊಳ್ಳಬಹುದೆಂಬ ಪಾಠವನ್ನು ಅವರಿಗೆ ಜೀವನಪರ್ಯಂತ ಕಲಿಸಿರುತ್ತೀರಿ. ರಾತ್ರಿ ಊಟಕ್ಕೆ ಕುಳಿತಾಗ "ಎಷ್ಟು ಗಂಟೆ ಮುಗಿಯಿತು?" ಎಂದು ಕೇಳುವ ಬದಲು "ಇವತ್ತು ಯಾರನ್ನು ನೋಡಿದೆ?" ಎಂದು ಕೇಳಿ. ಹೆಣ್ಣುಮಕ್ಕಳ ಸುರಕ್ಷತೆಯ ಚಿಂತೆ ನಿಮಗಿದ್ದರೆ ಅದು ಸಹಜ. ಅದಕ್ಕಾಗಿ ಬೇಡವೆನ್ನಬೇಡಿ, ಮೇಲ್ವಿಚಾರಣೆ ಯಾರದು, ಹೋಗುವ ಹೊತ್ತು ಯಾವುದು, ಜೊತೆಗೆ ಯಾರಿರುತ್ತಾರೆ ಎಂದು ವಿಚಾರಿಸಿ. ಒಂದು ದಿನ ನೀವೇ ಜೊತೆಯಲ್ಲಿ ಹೋಗಿ ನೋಡಿ ಬನ್ನಿ.

ವಿದ್ಯಾರ್ಥಿಗಳೇ, ಮೊದಲ ದಿನವೇ ಅಲ್ಲಿಯವರ ಹೆಸರು ಕೇಳಿ ನೆನಪಿಟ್ಟುಕೊಳ್ಳಿ. ನಿಮಗೆ ತೋಚಿದ್ದನ್ನಲ್ಲ, ಅವರಿಗೆ ಬೇಕಾದದ್ದನ್ನು ಮಾಡಿ. ನೀವು ಹಾಡಲು ಹೋಗಿರಬಹುದು, ಅವರಿಗೆ ಉಗುರು ಕತ್ತರಿಸುವವರು ಬೇಕಾಗಿರಬಹುದು. ಅವರ ಬಡತನದ, ಕಾಯಿಲೆಯ ಫೋಟೋ ತೆಗೆದು ಎಲ್ಲರಿಗೂ ತೋರಿಸಬೇಡಿ. ನಿಮ್ಮ ಅಜ್ಜಿಯ ಫೋಟೋವನ್ನು ಹಾಗೆ ತೋರಿಸುತ್ತೀರಾ? ಬರುತ್ತೇನೆಂದ ದಿನ ಬನ್ನಿ. ಬರಲಾಗದಿದ್ದರೆ ಹೇಳಿ ಕಳುಹಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಕೊನೆಯ ದಿನ ಅವರ ಬಳಿ ಕುಳಿತು, "ಇನ್ನು ಮುಂದೆ ನಾನು ಬರುವುದಿಲ್ಲ, ನಿಮ್ಮಿಂದ ನಾನು ಇದನ್ನು ಕಲಿತೆ" ಎಂದು ಹೇಳಿ ಬೀಳ್ಕೊಳ್ಳಿ. ಹೇಳಿ ಹೋದವರನ್ನು ವೃದ್ಧರು ಆಶೀರ್ವದಿಸುತ್ತಾರೆ. ಹೇಳದೆ ಹೋದವರಿಗಾಗಿ ಕುರ್ಚಿ ಹಾಕಿಸಿ ಕಾಯುತ್ತಾರೆ.

ಧರ್ಮಕೇಂದ್ರದ ನಾವು, ಅಂದರೆ ಗುರುಗಳು, ಸಿಸ್ಟರುಗಳು, ಪಾಲನಾ ಪರಿಷತ್ತು, ವಿನ್ಸೆಂಟ್ ದೆ ಪೌಲ್ ಸಂಘದವರು, ಮಕ್ಕಳು ಪುಸ್ತಕ ಹಿಡಿದು ಬರುವ ಮೊದಲೇ ಸಿದ್ಧರಾಗಿರಬೇಕು. ನಮ್ಮ ಊರಿನಲ್ಲಿ ಯಾರಿಗೆ ಯಾವ ನೆರವು ಬೇಕು, ಯಾವ ದಿನ, ಯಾವ ಹೊತ್ತಿನಲ್ಲಿ ಎಂಬ ಪಟ್ಟಿ ನಮ್ಮಲ್ಲಿರಲಿ. ಈ ವರ್ಷದ ವಿದ್ಯಾರ್ಥಿ ಹೋಗುವಾಗ ಮುಂದಿನ ವರ್ಷದವನನ್ನು ಕರೆತಂದು ಪರಿಚಯಿಸಲಿ. ಸಿಸ್ಟರ್ ರೊಸಾಲಿಯವರಂತೆ ಹಿರಿಯರೊಬ್ಬರು ಜೊತೆಗಿದ್ದು ಕಲಿಸಲಿ. ತಿಂಗಳಿಗೊಮ್ಮೆ ಆ ಮಕ್ಕಳನ್ನು ಕೂರಿಸಿ, ಕಂಡದ್ದು ಕೇಳಿದ್ದನ್ನು ಮಾತನಾಡಿಸಲಿ. ಒಬ್ಬರು ಏಕೆ ಒಂಟಿಯಾದರು, ಒಂದು ಮನೆ ಏಕೆ ಬಡವಾಯಿತು ಎಂದು ಯೋಚಿಸದೆ ಗಂಟೆ ತುಂಬಿಸಿದರೆ ಅದು ಓದೂ ಅಲ್ಲ, ಸೇವೆಯೂ ಅಲ್ಲ. ಮತ್ತು ಕಣ್ಣಾರೆ ಕಂಡದ್ದಕ್ಕೆ ಮಾತ್ರ ಸಹಿ ಹಾಕೋಣ.

ರೂಫನ ತಾಯಿ

ಕಳೆದ ವರ್ಷ ಭಾನುವಾರದ ಬಲಿಪೂಜೆ ಮುಗಿದ ಮೇಲೆ ತಾಯಿಯೊಬ್ಬರು ಮಗಳ ಪುಸ್ತಕ ಹಿಡಿದು ಬಂದರು. "ಪರೀಕ್ಷೆ ಹತ್ತಿರ ಬಂತು ಫಾದರ್. ಒಂದು ಸಹಿ ಹಾಕಿಬಿಡಿ" ಎಂದರು. ನಾನು ಆ ಅಜ್ಜನ ಕಥೆಯನ್ನು ಅವರಿಗೆ ಹೇಳಿದೆ. ಅವರಿಗೆ ಬೇಸರವಾಯಿತು. ಮಾತನಾಡದೆ ಹೊರಟುಹೋದರು. ಮುಂದಿನ ವಾರ ಮಗಳು ಮುಖ ಗಂಟಿಕ್ಕಿಕೊಂಡೇ ಆಶ್ರಮಕ್ಕೆ ಬಂದಳು. ಬಿಟ್ಟಿ ಹಿಡಿದ ಸಿಮೋನನ ಮುಖವೂ ಹಾಗೆಯೇ ಇದ್ದಿರಬೇಕು.

ಸಿಸ್ಟರ್ ಅವಳಿಗೆ ನೆನಪಿನ ಶಕ್ತಿ ಕುಂದಿದ ಅಜ್ಜಿಯೊಬ್ಬರ ತಲೆ ಬಾಚುವ ಕೆಲಸ ಕೊಟ್ಟರು. ಅಜ್ಜಿ ಅವಳನ್ನು ತಮ್ಮ ಸ್ವಂತ ಮಗಳ ಹೆಸರಿನಿಂದ ಕರೆಯುತ್ತಿದ್ದರು. ಹುಡುಗಿ ಮೊದಮೊದಲು "ನನ್ನ ಹೆಸರು ಅದಲ್ಲ ಅಜ್ಜಿ" ಎಂದು ತಿದ್ದುತ್ತಿದ್ದಳು. ಎಷ್ಟೋ ವಾರಗಳ ನಂತರ ಒಂದು ದಿನ ನಾನು ಅಲ್ಲಿದ್ದೆ. ಅಜ್ಜಿ ಆ ಹೆಸರಿನಿಂದ ಕರೆದರು. ಹುಡುಗಿ "ಏನಮ್ಮಾ?" ಎಂದಳು. ಪುಸ್ತಕದಲ್ಲಿ ಅದನ್ನು ಬರೆಯಲು ಕಲಮು ಇರಲಿಲ್ಲ.

ಅರವತ್ತು ಗಂಟೆ ಮುಗಿಯಿತು. ಸಂತೋಷದಿಂದ ಸಹಿ ಹಾಕಿದೆ. ಈಗ ಆ ಹುಡುಗಿ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾಳೆ. ಆಶ್ರಮಕ್ಕೆ ಬರಲಾಗುವುದಿಲ್ಲ. ಆದರೆ ಕ್ರಿಸ್ಮಸ್ ಹಬ್ಬಕ್ಕೆ ಅವಳ ತಾಯಿ ಕಲ್ಕಲ್, ಕರ್ಜಿಕಾಯಿ ಕಟ್ಟಿಕೊಂಡು ಅಜ್ಜಿಯನ್ನು ನೋಡಲು ಬಂದರು. ಆಮೇಲೆ ಮೊದಲ ಶುಕ್ರವಾರಗಳಂದು ಬರತೊಡಗಿದರು. ಈಗ ಅಜ್ಜಿಯ ತಲೆ ಬಾಚುವವರು ಆ ತಾಯಿ. ಸುಳ್ಳು ಸಹಿ ಕೇಳಲು ಬಂದ ಅದೇ ಕೈಗಳು!

ಸಿಮೋನನ ಕಥೆಗೂ ಹೀಗೊಂದು ಮುಂದಿನ ಭಾಗವಿದೆ. ಮಾರ್ಕ ಅವನನ್ನು ಅಲೆಕ್ಸಾಂಡರ್ ಮತ್ತು ರೂಫ ಎಂಬವರ ತಂದೆ ಎಂದು ಪರಿಚಯಿಸುತ್ತಾನೆ. ತನ್ನ ಓದುಗರಿಗೆ ಆ ಮಕ್ಕಳ ಪರಿಚಯವಿದ್ದುದರಿಂದಲೇ ಅವನು ಹಾಗೆ ಬರೆದಿರಬೇಕು. ಸಂತ ಪೌಲರು ರೋಮಿನ ಸಭೆಗೆ ಬರೆದ ಪತ್ರದ ಕೊನೆಯಲ್ಲಿ ರೂಫ ಎಂಬವನಿಗೂ ಅವನ ತಾಯಿಗೂ ವಂದನೆ ಹೇಳಿ, ಆಕೆ ತನಗೂ ತಾಯಿಯಂತಿದ್ದಳೆಂದು ನೆನೆಯುತ್ತಾರೆ. ಈ ಇಬ್ಬರು ರೂಫರೂ ಒಬ್ಬನೇ ಎಂದು ಧರ್ಮಸಭೆಯಲ್ಲಿ ಬಹುಕಾಲದಿಂದ ಅನೇಕರು ನಂಬಿದ್ದಾರೆ. ಹಾಗಿದ್ದಲ್ಲಿ ಒಂದು ಮಧ್ಯಾಹ್ನ ಒತ್ತಾಯಕ್ಕೆ ಹೊತ್ತ ಭಾರ ಒಂದಿಡೀ ಮನೆಯ ವಿಶ್ವಾಸವಾಯಿತು. ಗಂಡ ಶಿಲುಬೆಗೆ ಹೆಗಲು ಕೊಟ್ಟ. ಹೆಂಡತಿ ಅಲೆದಾಡುವ ಪ್ರೇಷಿತನಿಗೆ ತಾಯಿಯಾದಳು. ಮೊದಲ ಮೈಲಿ ಸಿಮೋನನದು, ಎರಡನೆಯ ಮೈಲಿ ಮನೆಯವರೆಲ್ಲರದು.

ಪ್ರಿಯ ಬಂಧುಗಳೇ, ನಿಮ್ಮ ಮನೆಯಲ್ಲೂ ಅಂತಹ ಒಂದು ಪುಸ್ತಕವಿದ್ದರೆ ಇಂದು ರಾತ್ರಿ ಅದನ್ನು ತೆರೆದು ನೋಡಿ. ಅದರಲ್ಲಿ ಬರೆದಿರುವುದು ನಿಜವೇ ಎಂದು ಮಗನನ್ನೋ ಮಗಳನ್ನೋ ಮೆಲ್ಲನೆ ಕೇಳಿ. ನಿಜವಲ್ಲದಿದ್ದರೆ ಗದರಬೇಡಿ. ಇನ್ನೂ ಶನಿವಾರಗಳಿವೆ. ಕುರ್ಚಿ ಹಾಕಿಸಿ ಕಾಯುತ್ತಿರುವವರೂ ಇದ್ದಾರೆ.

ಪ್ರಾರ್ಥಿಸೋಣ: ಪ್ರಭು ಯೇಸುವೇ, ಒಲ್ಲದ ಮನಸ್ಸಿನಿಂದ ಬಂದ ಸಿಮೋನನ ಹೆಗಲನ್ನೂ ನೀವು ಬೇಡವೆನ್ನಲಿಲ್ಲ. ನಮ್ಮ ಮಕ್ಕಳು ಅಂಕಕ್ಕಾಗಿ ಹೊರಟರೂ ನಿಮ್ಮನ್ನು ಕಂಡು ಹಿಂದಿರುಗಲಿ. ಸುಳ್ಳಿಗೆ ಸಹಿ ಹಾಕಿದ ನಮ್ಮನ್ನು ಕ್ಷಮಿಸಿರಿ. ಕಾದು ಕಾದು ಕಣ್ಮುಚ್ಚಿದವರನ್ನು ನಿಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಎರಡನೆಯ ಮೈಲಿಯನ್ನು ನಡೆಯುವ ಶಕ್ತಿಯನ್ನು ನಮ್ಮ ಕುಟುಂಬಗಳಿಗೆ ದಯಪಾಲಿಸಿರಿ. ಆಮೆನ್.